ಟರ್ಕಿ ಕೆಂಪಿನ ಊರು ಟರ್ಕಿಯಲ್ಲಿಲ್ಲ

(ರಾಣೆಬೆನ್ನೂರಿನ ಓದುಗರೊಬ್ಬರು ಬರೆದ ಪತ್ರದ ಸಾರ: "ಅಜ್ಜನ ಜವಳಿ ಅಂಗಡಿಯ ಹಳೇ ಟ್ರಂಕಿನಲ್ಲಿ ಕೆಂಪು ಬಟ್ಟೆಯ ಒಂದು ತಾನು ಸಿಕ್ಕಿತು. ಅದಕ್ಕೆ ಬಣ್ಣದ ಚೀಟಿ ಅಂಟಿಸಿದೆ. ಮೇಲೆ ನವಿಲು, ಕೆಳಗೆ ಇಂಗ್ಲಿಷಿನಲ್ಲಿ 'ವಿಲಿಯಂ ಸ್ಟರ್ಲಿಂಗ್ ಅಂಡ್ ಸನ್ಸ್, ಗ್ಲಾಸ್ಗೋ'. ಮನೆಯಲ್ಲಿ ಎಲ್ಲರೂ ಟರ್ಕಿ ಬಟ್ಟೆ ಅನ್ನುತ್ತಿದ್ದರು. ಇದು ಟರ್ಕಿಯದೋ, ಗ್ಲಾಸ್ಗೋದ್ದೋ? ನಮ್ಮ ಬಣ್ಣಗಾರರ ಹೊಟ್ಟೆ ಮೇಲೆ ಹೊಡೆದು ಉದ್ಧಾರವಾದ ಆ ಊರು ಯಾವುದು? ಮಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಹೋಗಿ ನೋಡುವಂಥದ್ದು ಏನಾದರೂ ಉಳಿದಿದೆಯಾ?")

ಎರಡೂ ಅಲ್ಲ. ಗ್ಲಾಸ್ಗೋ ಬರೀ ಕಚೇರಿಯ ವಿಳಾಸ. ನಿಮ್ಮ ಬಟ್ಟೆಗೆ ಬಣ್ಣ ಹತ್ತಿದ್ದು ಅಲ್ಲಿಂದ ಸುಮಾರು 25 ಕಿಲೋಮೀಟರ್ ವಾಯವ್ಯಕ್ಕಿರುವ ರೆಂಟನ್ ಎಂಬ ಹಳ್ಳಿಯಲ್ಲಿ. ಸ್ಟರ್ಲಿಂಗ್ ಕಂಪನಿಯ ಎರಡು ಕಾರ್ಖಾನೆಗಳು, ಡಾಲ್‌ಹರ್ನ್ ಮತ್ತು ಕಾರ್ಡೇಲ್, ಆ ಊರಿನ ಹೊಳೆದಂಡೆಯಲ್ಲೇ ಇದ್ದವು.

ಹೊಳೆಯ ಹೆಸರು ಲೆವೆನ್. ಲೋಮಂಡ್ ಸರೋವರದಲ್ಲಿ ಹುಟ್ಟಿ, ಹತ್ತು ಕಿಲೋಮೀಟರ್ ಹರಿಯುವಷ್ಟರಲ್ಲಿ ಡಂಬಾರ್ಟನ್ ಕೋಟೆಯ ಬಂಡೆಯ ಬಳಿ ಕ್ಲೈಡ್ ನದಿಗೆ ಸೇರಿಬಿಡುತ್ತದೆ. ಉದ್ದ ಇಷ್ಟೇ, ಆದರೆ ಸೆಳೆತ ಜೋರು. ನೀರು ಮೆದು, ದಂಡೆಯಲ್ಲಿ ಸಮತಟ್ಟಾದ ಹುಲ್ಲುಗಾವಲು. ಬಟ್ಟೆಯ ಕೆಲಸಕ್ಕೆ ಬೇರೇನು ಬೇಕು? 1715ರ ಹೊತ್ತಿಗೇ ಡಾಲ್‌ಹರ್ನ್‌ನಲ್ಲಿ ಬಟ್ಟೆ ಬಿಳಿ ಮಾಡುವ ಬಯಲು ಶುರುವಾಗಿತ್ತು. ಆಗಿನ್ನೂ ಬ್ಲೀಚಿಂಗ್ ಪೌಡರ್ ಇರಲಿಲ್ಲ. ನಾರಿನ ಬಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲಿನ ಮೇಲೆ ಹರಡಿ ಬಿಸಿಲಿಗೆ ಬಿಡಬೇಕಿತ್ತು. ಅದೂ ಸ್ಕಾಟ್ಲೆಂಡಿನ ಬಿಸಿಲು! ಒಂದು ತಾನು ಬೆಳ್ಳಗಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

ಇದೇ ಡಾಲ್‌ಹರ್ನ್‌ನಲ್ಲಿ 1721ರಲ್ಲಿ ಕಾದಂಬರಿಕಾರ ಟೋಬಿಯಾಸ್ ಸ್ಮೊಲೆಟ್ ಹುಟ್ಟಿದ. ಲೆವೆನ್ ಹೊಳೆಯ ತಿಳಿನೀರನ್ನು ಹೊಗಳಿ ಪದ್ಯ ಬರೆದವನು ಅವನೇ. ಕೆಂಪು ಬಣ್ಣದ ಕಾರ್ಖಾನೆಗಳು ಬರುವ ಮೊದಲೇ ತೀರಿಕೊಂಡ, ಪುಣ್ಯಾತ್ಮ. ಅವನ ಕುಟುಂಬದವರಾದ ಜೀನ್ ಟೆಲ್ಫರ್ ಎಂಬ ಜಮೀನ್ದಾರಿಣಿ 1782ರಲ್ಲಿ ಕೆಲಸಗಾರರಿಗೆಂದು ಹೊಸ ಊರು ಕಟ್ಟಿಸಿದಳು. ಹೆಸರನ್ನು ಸೊಸೆಯ ತವರಿನಿಂದ ತೆಗೆದುಕೊಂಡಳು. ಸೊಸೆ ಸಿಸಿಲಿಯಾ ರೆಂಟನ್. ಅತ್ತೆಯೊಬ್ಬಳು ಸೊಸೆಯ ಮನೆತನದ ಹೆಸರನ್ನು ಊರಿಗೆ ಇಟ್ಟಿದ್ದು ಆ ಕಾಲಕ್ಕೆ ದೊಡ್ಡ ಮಾತೇ, ಅಲ್ವಾ?

ಇನ್ನು ಕೆಂಪಿನ ವಿಷಯ. ಬಿಸಿಲಿಗೆ ಮಾಸದ, ಒಗೆದರೆ ಬಿಡದ ಈ ಹತ್ತಿಯ ಕೆಂಪನ್ನು ಯುರೋಪಿನವರು ತುರ್ಕಿ, ಗ್ರೀಸ್ ಕಡೆಯ ಬಣ್ಣಗಾರರಿಂದ ಕಲಿತರು. ಅದಕ್ಕೇ ಟರ್ಕಿ ರೆಡ್. ಮೊದಲು ಕಲಿತವರು ಫ್ರೆಂಚರು. ರುವಾನ್ ಪಟ್ಟಣದ ಪಿಯರ್ ಪಪಿಯೋನ್ ಎಂಬ ಬಣ್ಣಗಾರನನ್ನು 1785ರಲ್ಲಿ ಜಾರ್ಜ್ ಮ್ಯಾಕಿಂಟಾಷ್ ಎಂಬ ಉದ್ಯಮಿ ಗ್ಲಾಸ್ಗೋಗೆ ಕರೆಸಿಕೊಂಡ. ಇಬ್ಬರಿಗೂ ಜಾಸ್ತಿ ದಿನ ಹೊಂದಲಿಲ್ಲ. ಆದರೆ ಗುಟ್ಟು ಸ್ಕಾಟ್ಲೆಂಡಿನಲ್ಲೇ ಉಳಿಯಿತು. 1820ರ ದಶಕದ ಕೊನೆಗೆ ಅದು ಲೆವೆನ್ ಕಣಿವೆಗೆ ಬಂತು.

ಆ ಗುಟ್ಟು ಕೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಹತ್ತಿ ನೂಲನ್ನು ಮೊದಲು ಕುದಿಸಿ ಶುದ್ಧ ಮಾಡಬೇಕು. ಆಮೇಲೆ ಕನರು ಹತ್ತಿದ ಆಲಿವ್ ಎಣ್ಣೆ, ಕ್ಷಾರ ಮತ್ತು ಕುರಿಹಿಕ್ಕೆ ಕಲಸಿದ ನೀರಿನಲ್ಲಿ ಅದ್ದಬೇಕು. ಹಿಂಡು, ಒಣಗಿಸು, ಮತ್ತೆ ಅದ್ದು. ಹೀಗೆ ಹಲವು ಸಲ. ಎಣ್ಣೆ ನೂಲಿನೊಳಗೆ ಪೂರ್ತಿ ಇಳಿದ ಮೇಲೆ ಮಾಚಿಕಾಯಿಯ ಒಗರು ಹಿಡಿಸಿ, ಪಟಕದ ನೀರು ಕೊಡಬೇಕು. ಆಮೇಲಷ್ಟೇ ಬಣ್ಣದ ಕಡಾಯಿ: ಮ್ಯಾಡರ್ ಗಿಡದ ಬೇರಿನ ಪುಡಿ, ಜೊತೆಗೆ ಎತ್ತಿನ ರಕ್ತ. ಈ ಮ್ಯಾಡರ್ ನಮ್ಮ ಮಂಜಿಷ್ಠದ ಹತ್ತಿರದ ಸಂಬಂಧಿ. ಕಡಾಯಿಯಿಂದ ತೆಗೆದಾಗ ಬಣ್ಣ ಇನ್ನೂ ಕಂದು, ಮಂಕು. ಸೋಪು, ತವರದ ಲವಣ ಹಾಕಿ ಮುಚ್ಚಿದ ಪಾತ್ರೆಯಲ್ಲಿ ಕುದಿಸಿದಾಗಲೇ ಬೆಂಕಿಯಂಥ ಕೆಂಪು ಬರುತ್ತಿತ್ತು. ಒಟ್ಟು ಮೂರು ವಾರಕ್ಕೂ ಮೇಲ್ಪಟ್ಟ ಕೆಲಸ. ಎತ್ತಿನ ರಕ್ತದಿಂದ ಏನು ಉಪಯೋಗವಾಗುತ್ತಿತ್ತು ಎಂಬುದು ರಸಾಯನಶಾಸ್ತ್ರದವರಿಗೇ ಪೂರ್ತಿ ಬಗೆಹರಿದಿರಲಿಲ್ಲ. ಹಾಕದೆ ಬಿಡಲು ಯಾರಿಗೂ ಧೈರ್ಯ ಇರಲಿಲ್ಲ, ಅಷ್ಟೇ.

ಮುಂದೆ 1870ರ ದಶಕದಲ್ಲಿ ಕನರು ಎಣ್ಣೆಯ ಜಾಗಕ್ಕೆ ಗಂಧಕಾಮ್ಲ ಸೇರಿಸಿದ ಹರಳೆಣ್ಣೆ ಬಂತು. ನೀರಿನಲ್ಲಿ ಬೆರೆಯುವ ಎಣ್ಣೆ ಅದು. ಹರಳು ನಮ್ಮ ದೇಶದಿಂದಲೂ ಹಡಗೇರುತ್ತಿತ್ತು. ಇವತ್ತಿಗೂ ಬಟ್ಟೆ, ಚರ್ಮದ ಉದ್ಯಮಕ್ಕೆ ರಾಸಾಯನಿಕ ಮಾರುವವರನ್ನು ಕೇಳಿ ನೋಡಿ, 'ಟರ್ಕಿ ರೆಡ್ ಆಯಿಲ್' ಅಂದರೆ ತಕ್ಷಣ ಕ್ಯಾನ್ ತೆಗೆದುಕೊಡುತ್ತಾರೆ.

ಕಣಿವೆಯ ಕೆಂಪು ಬಟ್ಟೆ, ಕೆಂಪು ನೂಲು ಹೋಗುತ್ತಿದ್ದ ಬಹು ದೊಡ್ಡ ಮಾರುಕಟ್ಟೆ ಭಾರತ. ಮುಂಬಯಿ, ಕಲ್ಕತ್ತಾ, ಮದ್ರಾಸಿನ ಬಂದರುಗಳಿಗೆ ಮೂಟೆಗಳು ಬಂದಿಳಿಯುತ್ತಿದ್ದವು. ನಿಮ್ಮ ಚೀಟಿಯ ಕೆಲಸ ಶುರುವಾಗುವುದು ಇಲ್ಲಿಂದ. ಗಿರಾಕಿಗೆ ಸ್ಟರ್ಲಿಂಗ್ ಯಾರು ಅಂತ ಗೊತ್ತಿಲ್ಲ, ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಹೋದ ಸಲ ತಂದ ಬಟ್ಟೆ ಬಣ್ಣ ಬಿಡಲಿಲ್ಲ, ಅದರ ಮೇಲೆ ನವಿಲು ಇತ್ತು ಅನ್ನುವುದು ನೆನಪಿದೆ. ಅಂಗಡಿಗೆ ಬಂದು "ನವಿಲು ಛಾಪು ಕೊಡಿ" ಅಂದರೆ ಮುಗಿಯಿತು. ಹಾಗಾಗಿ ಕಂಪನಿಗಳು ನವಿಲು, ಆನೆ, ಹುಲಿ, ಲಕ್ಷ್ಮಿ, ಕೃಷ್ಣರನ್ನು ಕಲ್ಲಚ್ಚಿನಲ್ಲಿ ಏಳೆಂಟು ಬಣ್ಣಗಳಲ್ಲಿ ಮುದ್ರಿಸಿ, ಟ್ರೇಡ್ ಮಾರ್ಕ್ ಮಾಡಿಸಿ, ಒಬ್ಬರ ಚಿತ್ರ ಇನ್ನೊಬ್ಬರು ಕದಿಯದಂತೆ ಕಾವಲು ಕಾಯುತ್ತಿದ್ದವು. ಬಟ್ಟೆಗಿಂತ ಚೀಟಿಗೇ ಹೆಚ್ಚು ಜಗಳ!

ನಿಮ್ಮ ತಾನಿನ ಕೊನೆಯಲ್ಲಿ ಗಜದ ಅಳತೆಯ ಮುದ್ರೆ ಇದೆಯಾ ನೋಡಿ. ಭಾರತದಲ್ಲಿ 1889ರ ಕಾಯಿದೆಯಿಂದ ತಾನುಗಳ ಮೇಲೆ ಉದ್ದ ಮುದ್ರಿಸುವುದು ಕಡ್ಡಾಯವಾಯಿತು. ಮುದ್ರೆ ಇದ್ದರೆ ಬಟ್ಟೆ ಅದರ ನಂತರದ್ದಾಗಿರುವ ಸಾಧ್ಯತೆ ಜಾಸ್ತಿ. 1898ರ ಹೊತ್ತಿಗೆ ಸ್ಟರ್ಲಿಂಗ್ ಮತ್ತು ಪಕ್ಕದ ಆರ್ ಯೂಯಿಂಗ್ ಮನೆತನದ ಎರಡು ಕಂಪನಿಗಳು ಸೇರಿ 'ಯುನೈಟೆಡ್ ಟರ್ಕಿ ರೆಡ್' ಎಂಬ ಒಂದೇ ಕಂಪನಿಯಾದವು. ಚೀಟಿಯಲ್ಲಿ ಸ್ಟರ್ಲಿಂಗ್ ಹೆಸರೇ ಇರುವುದರಿಂದ ಅದಕ್ಕೂ ಮೊದಲಿನದು ಅನ್ನಿಸುತ್ತದೆ. ಅಂದ ಮಾತ್ರಕ್ಕೆ ಖಚಿತ ಅಂದುಕೊಳ್ಳಬೇಡಿ. ಓಡುತ್ತಿರುವ ಛಾಪನ್ನು ಯಾವ ವ್ಯಾಪಾರಿಯೂ ಸುಮ್ನೆ ಬಿಡುವುದಿಲ್ಲ.

ಈಗ ನಿಮ್ಮ ಖಾರದ ಪ್ರಶ್ನೆ. ನಮ್ಮ ಬಣ್ಣಗಾರರಿಗೆ ಪೆಟ್ಟು ಬಿದ್ದದ್ದು ನಿಜ. ನಮ್ಮಲ್ಲಿ ಮಡ್ಡಿ ಮರದ ಬೇರಿನಿಂದ, ಕೋರಮಂಡಲ ತೀರದಲ್ಲಿ ಚಾಯ ಬೇರಿನಿಂದ ಗಟ್ಟಿ ಕೆಂಪು ತೆಗೆಯುವ ವಿದ್ಯೆ ಶತಮಾನಗಳಿಂದ ಇತ್ತು. ಕೈಮಗ್ಗದವರ ಕತೆ ಸ್ವಲ್ಪ ಬೇರೆ. ಅವರಲ್ಲಿ ಎಷ್ಟೋ ಮಂದಿ ಆಮದಾದ ಕೆಂಪು ನೂಲನ್ನೇ ಕೊಂಡು ಸೀರೆಯ ಅಂಚಿಗೆ, ಚೌಕಳಿಗೆ ಹಾಕಿಕೊಂಡರು. ಬಣ್ಣ ಹಾಕುವವನಿಗೆ ಮಾತ್ರ ಅಂಥ ದಾರಿ ಇರಲಿಲ್ಲ. ಸಿದ್ಧ ಕೆಂಪು ನೂಲು ಅಂಗಡಿಯಲ್ಲಿ ಸಿಗುವಾಗ ಅವನ ಕಡಾಯಿಗೆ ಯಾರು ಬರುತ್ತಾರೆ?

ಆದರೆ 'ಊರು ಉದ್ಧಾರವಾಯಿತು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಉದ್ಧಾರವಾದದ್ದು ಮಾಲೀಕರ ಮನೆಗಳು. ಕಣಿವೆಯ ಇನ್ನೊಬ್ಬ ಮಾಲೀಕ ಆರ್ಕಿಬಾಲ್ಡ್ ಆರ್ ಯೂಯಿಂಗ್ 1868ರಿಂದ 1892ರವರೆಗೆ ಸಂಸತ್ ಸದಸ್ಯನಾಗಿದ್ದ. ಬ್ಯಾಲಿಕಿನ್ರೇನ್ ಎಂಬಲ್ಲಿ ಕೋಟೆಯಂಥ ಬಂಗಲೆ ಕಟ್ಟಿಸಿದ. ರೆಂಟನ್‌ನಲ್ಲಿ ದುಡಿದವರು ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡ್ಸ್‌ನ ಜಮೀನು ಕಳೆದುಕೊಂಡು ಬಂದವರು, ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ಕೆಲಸಗಾರರಲ್ಲಿ ಹೆಂಗಸರು, ಹುಡುಗಿಯರದ್ದೇ ದೊಡ್ಡ ಪಾಲು. ಒದ್ದೆ ನೆಲ, ಉಗಿ, ಕ್ಷಾರ, ಕಡಿಮೆ ಕೂಲಿ. 1911ರ ಕೊನೆಯಲ್ಲಿ ಆ ಹೆಂಗಸರು ಸಂಘ ಕಟ್ಟಿಕೊಂಡು ಮುಷ್ಕರ ಹೂಡಿದಾಗ ಕಣಿವೆಯ ಕಾರ್ಖಾನೆಗಳು ನಿಂತುಹೋದವು. ಎರಡು ಮಹಾಯುದ್ಧಗಳ ನಡುವೆ ಕೆಲಸವಿಲ್ಲದೆ ಕೂತ ಕಾಲದಲ್ಲಿ ಕಣಿವೆಯ ಜನ ಕಮ್ಯುನಿಸ್ಟರನ್ನು ಸ್ಥಳೀಯ ಸಂಸ್ಥೆಗಳಿಗೆ ಆರಿಸಿದರು. ಪತ್ರಿಕೆಗಳು ಈ ಕಣಿವೆಗೆ 'ಪುಟ್ಟ ಮಾಸ್ಕೋ' ಅಂತ ಹೆಸರಿಟ್ಟವು. ಉದ್ಧಾರವಾದ ಊರಿನ ಲಕ್ಷಣವಾ ಇದು?

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆಳುವವರ ಮಾರುಕಟ್ಟೆಯ ಲಾಭ ರೆಂಟನ್‌ಗೆ ಇತ್ತು, ನಮ್ಮವರಿಗೆ ಇರಲಿಲ್ಲ. ಆದರೂ ಎರಡೂ ಕಡೆಯವರಿಗೆ ಏಟು ಕೊಟ್ಟ ಒಂದು ವಸ್ತು ಉಂಟು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಎಂಬಿಬ್ಬರು ಮ್ಯಾಡರ್ ಬೇರಿನ ಸತ್ವವಾದ ಅಲಿಜರಿನ್ ಅನ್ನು ಕಲ್ಲಿದ್ದಲಿನ ಡಾಂಬರಿನಿಂದ ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸ್, ಹಾಲೆಂಡಿನ ಮ್ಯಾಡರ್ ಹೊಲಗಳು ಹಾಳುಬಿದ್ದವು. ಮಡ್ಡಿ ಬೇರನ್ನು ಕೇಳುವವರೂ ಕಡಿಮೆಯಾದರು. ರೆಂಟನ್‌ಗೆ ಮೊದಮೊದಲು ಇದರಿಂದ ಲಾಭವೇ ಆಯಿತು. ಕೆಲಸ ಸಲೀಸಾಯಿತು, ಖರ್ಚು ಇಳಿಯಿತು. ಆದರೆ ಸಲೀಸಾದ ಕೆಲಸವನ್ನು ಎಲ್ಲರೂ ಮಾಡಬಹುದಲ್ಲ! ಜರ್ಮನಿಯ ಬಣ್ಣ ಡಬ್ಬಿಯಲ್ಲಿ ಭಾರತಕ್ಕೇ ಬಂತು, ಇಲ್ಲೇ ಕೆಂಪು ಹಾಕುವವರು ಹೆಚ್ಚಾದರು. ಮುಂಬಯಿ ಗಿರಣಿಗಳು ಬೆಳೆದವು. 1905ರ ಸ್ವದೇಶಿ, 1921ರ ವಿದೇಶಿ ಬಟ್ಟೆಯ ಹೋಳಿ, ಆಮೇಲೆ ಜಪಾನಿನ ಅಗ್ಗದ ಮಾಲು. ಒಂದಾದ ಮೇಲೊಂದು ಪೆಟ್ಟು ಬಿದ್ದು, 1960ರಲ್ಲಿ ಕಂಪನಿ ಬೇರೆಯವರ ಪಾಲಾಗಿ ಕಣಿವೆಯ ಕೆಂಪಿನ ಕೆಲಸವೇ ಮುಗಿಯಿತು.

ಬಟ್ಟೆಯ ಮಾತಿಗೆ ಸಂಬಂಧವಿಲ್ಲದಿದ್ದರೂ ಫುಟ್‌ಬಾಲ್ ಬಗ್ಗೆ ಹೇಳದೆ ರೆಂಟನ್ ಬಗ್ಗೆ ಬರೆದೆ ಅಂದರೆ ಅಲ್ಲಿನವರು ನನ್ನನ್ನು ಕ್ಷಮಿಸುವುದಿಲ್ಲ. 1885ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಎದುರಾಳಿಗಳು ಯಾರು ಗೊತ್ತೇ? ರೆಂಟನ್ ಮತ್ತು ಪಕ್ಕದ ಊರಿನ ವೇಲ್ ಆಫ್ ಲೆವೆನ್. ಒಂದೇ ಹೊಳೆಯ ನೀರು ಕುಡಿದವರು! ಮೊದಲ ಪಂದ್ಯ ಗೋಲಿಲ್ಲದೆ ಸಮ, ಮರುಪಂದ್ಯದಲ್ಲಿ ರೆಂಟನ್ 3–1. 1888ರಲ್ಲಿ ಕ್ಯಾಂಬಸ್‌ಲಾಂಗ್ ತಂಡವನ್ನು 6–1ರಿಂದ ಬಡಿದು ಮತ್ತೆ ಕಪ್ ಎತ್ತಿತು. ಅದೇ ವರ್ಷ ಮೇ 19ರಂದು ಇಂಗ್ಲೆಂಡಿನ ಕಪ್ ಗೆದ್ದಿದ್ದ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡ ಗ್ಲಾಸ್ಗೋಗೆ ಬಂತು. ಗುಡುಗು ಮಳೆಯಲ್ಲೇ ಆಟ ನಡೆಯಿತು. ರೆಂಟನ್ 4–1ರಿಂದ ಗೆದ್ದಿತು. ಊರಿಗೆ ಮರಳಿದವರು ತಮ್ಮ ಮೈದಾನದಲ್ಲಿ 'ವಿಶ್ವ ಚಾಂಪಿಯನ್ನರು' ಅಂತ ಬೋರ್ಡು ಹಾಕಿಕೊಂಡರು. ಆಗ ಫುಟ್‌ಬಾಲನ್ನು ಗಂಭೀರವಾಗಿ ಆಡುತ್ತಿದ್ದದ್ದೇ ಹೆಚ್ಚುಕಡಿಮೆ ಆ ಎರಡು ದೇಶಗಳು, ಹಾಗಾಗಿ ಹೇಳಿಕೊಂಡದ್ದು ಪೂರಾ ಬಡಾಯಿಯೂ ಅಲ್ಲ. ಆಟಗಾರರ ಬಲದ ಗುಟ್ಟು 'ಚಿಕನ್ ಬ್ರೀ' ಎಂಬ ಕಷಾಯ ಎಂದು ಸುದ್ದಿಯಿತ್ತು. ಹೆಸರಷ್ಟೇ ಕೋಳಿ ಸಾರು, ಒಳಗಿದ್ದದ್ದು ಪೋರ್ಟ್ ವೈನ್ ಮತ್ತು ಹಸಿ ಮೊಟ್ಟೆಯಂತೆ.

ಆ ವೈಭವ ಜಾಸ್ತಿ ದಿನ ನಿಲ್ಲಲಿಲ್ಲ. ಒಳ್ಳೆಯ ಆಟಗಾರರನ್ನು ಗ್ಲಾಸ್ಗೋದ ಹೊಸ ಕ್ಲಬ್ಬುಗಳು ಸೆಳೆದುಕೊಂಡವು. ಜೇಮ್ಸ್ ಕೆಲ್ಲಿ ಸೆಲ್ಟಿಕ್‌ಗೆ ಹೋದದ್ದು ಅದೇ 1888ರಲ್ಲಿ. 1890ರಲ್ಲಿ ಸ್ಕಾಟಿಷ್ ಲೀಗ್ ಶುರುವಾದಾಗ ರೆಂಟನ್ ಅದರ ಮೊದಲ ತಂಡಗಳಲ್ಲಿ ಒಂದು. ಐದು ಪಂದ್ಯ ಆಡುವಷ್ಟರಲ್ಲಿ, ಗುಟ್ಟಾಗಿ ಆಟಗಾರರಿಗೆ ದುಡ್ಡು ಕೊಡುತ್ತಿದ್ದ ತಂಡವೊಂದರ ಜೊತೆ ಆಡಿದ್ದಕ್ಕೆ ಹೊರಹಾಕಿದರು. 1922ರಲ್ಲಿ ಕ್ಲಬ್ಬೇ ಮುಚ್ಚಿತು.

ನಿಮ್ಮ ಮಗನಿಗೆ ಹೇಳಿ: ಗ್ಲಾಸ್ಗೋದಿಂದ ಬ್ಯಾಲಕ್ ಕಡೆಗಿನ ರೈಲು ಹತ್ತಿ ರೆಂಟನ್‌ನಲ್ಲಿ ಇಳಿದರಾಯಿತು. ಎರಡು ಸಾವಿರ ಜನರಿರುವ ಊರು, ಕೆಲಸಕ್ಕೆ ಬಹುಪಾಲು ಹೊರಗೇ ಹೋಗುತ್ತಾರೆ. ಕಾರ್ಖಾನೆ ನೋಡುವ ಆಸೆ ಬೇಡ, ಡಾಲ್‌ಹರ್ನ್ ಜಾಗದಲ್ಲಿ ಈಗ ಮನೆಗಳು ಎದ್ದಿವೆ. ಶಾಲೆಯ ಮುಂದೆ ಸ್ಮೊಲೆಟ್‌ನ ನೆನಪಿನ ಕಲ್ಲುಕಂಬ ಇದೆ, 1774ರದ್ದು. ಅದರ ಲ್ಯಾಟಿನ್ ಬರಹವನ್ನು ಇಂಗ್ಲಿಷ್ ನಿಘಂಟುಕಾರ ಡಾಕ್ಟರ್ ಜಾನ್ಸನ್ ಪ್ರವಾಸ ಬಂದಾಗ ತಿದ್ದಿಕೊಟ್ಟಿದ್ದರು. ಅಲ್ಲಿಂದ ಹೊಳೆಯ ಪಕ್ಕದ ದಾರಿ ಹಿಡಿದು ಬ್ಯಾಲಕ್‌ವರೆಗೆ ನಡೆಯಬಹುದು. ಕೊನೆಯಲ್ಲಿ 1971ರಲ್ಲಿ ಕಟ್ಟಿದ ಒಡ್ಡು, ಆಚೆಗೆ ಸರೋವರ ಸಿಗುತ್ತವೆ. ಬಟ್ಟೆಯನ್ನೇ ನೋಡಬೇಕು ಅಂದರೆ ಎಡಿನ್‌ಬರೋಗೆ ಹೋಗಬೇಕು. ಕಣಿವೆಯ ಕಾರ್ಖಾನೆಗಳ ಸುಮಾರು 200 ಮಾದರಿ ಪುಸ್ತಕಗಳು ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ನವಿಲುಗಳು ಅವುಗಳಲ್ಲಿ ಬೇಕಾದಷ್ಟಿವೆ. ಮೊದಲೇ ಬರೆದು ಕೇಳಿಕೊಂಡು ಹೋಗುವುದು ವಾಸಿ. ಮತ್ತೆ, ಮೇ ತಿಂಗಳು ಅಂತ ನಂಬಿ ಕೊಡೆ ಬಿಟ್ಟು ಹೋಗುವುದು ಬೇಡ. ವೆಸ್ಟ್ ಬ್ರಾಮ್‌ವಿಚ್‌ನವರನ್ನು ತೋಯಿಸಿದ್ದೂ ಮೇ ತಿಂಗಳ ಮಳೆಯೇ.

— ಸಂಪಾದಕ