ಸೀಸದ ವಿಷ ತಡೆಯಲು ದುಡ್ಡು ಯಾರು ಕೊಡಬೇಕು, ಯಾರಿಗೆ ಹೋಗಬೇಕು?

ಪ್ರಶ್ನೆ: ನಾವು ಮೈಸೂರಿನವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ 1948ರಲ್ಲಿ ಕಟ್ಟಿದ ಮನೆಯಲ್ಲಿ ಬಾಡಿಗೆಗಿದ್ದೇವೆ. ಮಗಳಿಗೆ ಒಂದೂವರೆ ವರ್ಷ. ಮಕ್ಕಳ ಮೈಗೆ ಸೀಸ ಸೇರದಂತೆ ತಡೆಯುವ ಕೆಲಸಕ್ಕೆ ನಮ್ಮ ತೆರಿಗೆ ಹಣ ಹೋಗುತ್ತದಾ? ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕ ಕೇಸು ಜಾಸ್ತಿ ಇರುವ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಜಾಸ್ತಿ ದುಡ್ಡು ಕೊಟ್ಟರೆ ಅದೇ ನ್ಯಾಯ ಅಲ್ವಾ?

ಉತ್ತರ: ಈ ಕೆಲಸಕ್ಕೆಂದೇ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಶುಲ್ಕವಿದೆ. 1991ರ ಕಾನೂನಿನ ಪ್ರಕಾರ ಪೇಂಟ್ ಕಂಪನಿಗಳು, ಪೆಟ್ರೋಲ್ ವ್ಯಾಪಾರದವರು, ಗಾಳಿಗೆ ಸೀಸ ಬಿಡುವ ಕಾರ್ಖಾನೆಗಳು ಅದನ್ನು ಕಟ್ಟಬೇಕು. ಒಂದು ಪೇಂಟ್ ಕಂಪನಿ ‘ಇದು ತೆರಿಗೆಯೇ, ಕ್ರಮವಾಗಿ ಹಾಕಿಲ್ಲ’ ಎಂದು ಕೋರ್ಟಿಗೆ ಹೋಯಿತು. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಹಾನಿಗೆ ಕಾರಣರಾದವರಿಂದ ಅದರ ಖರ್ಚಿಗೆ ಶುಲ್ಕ ವಸೂಲಿ ಮಾಡಬಹುದು ಎಂದಿತು. ನನ್ನ ಮಟ್ಟಿಗೆ ಇದು ನೂರಕ್ಕೆ ನೂರು ಸರಿ.

ಹಂಚುವ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುವುದು ಕಷ್ಟ. ಕೇಸು ಸಿಗುವುದು ರಕ್ತ ಪರೀಕ್ಷೆ ಮಾಡಿದಾಗ. ಪರೀಕ್ಷೆಯೇ ನಡೆಯದ ಊರಲ್ಲಿ ಕಾಗದದ ಮೇಲೆ ಎಲ್ಲ ಮಕ್ಕಳೂ ಆರೋಗ್ಯವಾಗಿಯೇ ಇರುತ್ತಾರೆ! ಬಡ ಕುಟುಂಬಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್ ಎಂಬ ಸರ್ಕಾರಿ ವಿಮೆ ಇದೆ. ಅದರಲ್ಲಿರುವ ಮಕ್ಕಳಿಗೆ ಒಂದು ವರ್ಷ ತುಂಬಿದಾಗ ಮತ್ತು ಎರಡು ವರ್ಷ ತುಂಬಿದಾಗ ಪರೀಕ್ಷೆ ಕಡ್ಡಾಯ. ಆದರೂ ಸುಮಾರು 29 ಲಕ್ಷ ಮಕ್ಕಳಲ್ಲಿ 14 ಲಕ್ಷ ಮಕ್ಕಳಿಗೆ ಒಂದು ಪರೀಕ್ಷೆಯೂ ಆಗಿರಲಿಲ್ಲ ಎಂದು ರಾಜ್ಯದ ಲೆಕ್ಕ ಪರಿಶೋಧಕರು 2020ರಲ್ಲಿ ವರದಿ ಕೊಟ್ಟರು. ಬರೀ ಕೇಸು ಎಣಿಸಿ ದುಡ್ಡು ಕೊಟ್ಟರೆ, ಹುಡುಕದ ಕೌಂಟಿಗೆ ದುಡ್ಡಿಲ್ಲ, ದುಡ್ಡಿಲ್ಲದ ಕೌಂಟಿ ಹುಡುಕುವುದಿಲ್ಲ. ಹಾಗಾಗಿ ಸೀಸದ ಬಣ್ಣ ಇರಬಹುದಾದ ಹಳೇ ಮನೆ ಎಷ್ಟಿವೆ, ಅಲ್ಲಿ ಆರು ವರ್ಷದೊಳಗಿನ ಬಡ ಮಕ್ಕಳು ಎಷ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಸಣ್ಣ ಕೌಂಟಿಗೂ ಮನೆಗೆ ಹೋಗಿ ನೋಡುವ ನರ್ಸ್ ಒಬ್ಬರ ಸಂಬಳವಾದರೂ ಖಾತ್ರಿಯಾಗಿ ಸಿಗಬೇಕು. ವರ್ಷಕ್ಕೆ ನಾಲ್ಕೇ ಕೇಸು ಬಂದರೂ ಆ ನಾಲ್ಕು ಮಕ್ಕಳಿಗೆ ನರ್ಸ್ ಬೇಕಲ್ಲ.

ಇನ್ನೊಂದು ಹಣವೂ ಇದೆ. ನಿಮ್ಮ ಸಾಂಟಾ ಕ್ಲಾರಾ ಕೌಂಟಿ 2000ದಲ್ಲಿ ಸೀಸದ ಬಣ್ಣ ಮಾರಿದ ಕಂಪನಿಗಳ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿತು. 2019ರಲ್ಲಿ ಮೂರು ಕಂಪನಿಗಳು 30.5 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದು ಹೋಗುವುದು ಕೇಸಿನಲ್ಲಿದ್ದ ಹತ್ತು ಕೌಂಟಿ, ನಗರಗಳಿಗೆ ಮಾತ್ರ. ಹೊಲದ ಕೂಲಿಯವರು ತುಂಬಾ ಇರುವ ಫ್ರೆಸ್ನೊ ಕೌಂಟಿ ಅದರಲ್ಲಿಲ್ಲ. ಹೋರಾಡಿದವರಿಗೆ ಹಣ ಸಿಕ್ಕಿದ್ದು ಸರಿಯೇ. ಆದರೆ ಫ್ರೆಸ್ನೊದ ಮಗು ಮಾಡಿದ ತಪ್ಪೇನು? ರಾಜ್ಯ ಶುಲ್ಕದ ಹಣ ಹಂಚುವಾಗ ಇಂಥ ಕೌಂಟಿಗಳಿಗೆ ಹೆಚ್ಚಿನ ಪಾಲು ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಿಮ್ಮ ಮಗಳ ವಿಷಯ. ಮನೆ 1948ರದ್ದು ಎಂದು ಡಾಕ್ಟರಿಗೆ ಹೇಳಿ, ಪರೀಕ್ಷೆ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸುಮ್ನೆ ಬಿಡಬೇಡಿ. ಸೀಸಕ್ಕೆ ‘ಇಷ್ಟಿದ್ದರೆ ಪರವಾಗಿಲ್ಲ’ ಎನ್ನುವ ಮಟ್ಟವೇ ಇಲ್ಲ. ಕಿಟಕಿಗಳನ್ನು ಹತ್ತಿರದಿಂದ ನೋಡಿ. ಮೇಲೆ ಕೆಳಗೆ ಜಾರುವ ಹಳೇ ಕಿಟಕಿಯ ಚೌಕಟ್ಟು ಉಜ್ಜಿ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಅದು ಕೆಳಗಿನ ಹಲಗೆಯ ಸಂದಿಯಲ್ಲಿ ಕೂತಿರುತ್ತದೆ. ಮಗು ಅಲ್ಲೇ ಕೈಯೂರಿ ನಿಲ್ಲುತ್ತದೆ, ಕೈ ಬಾಯಿಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಡಿಸಬೇಡಿ. ಬಣ್ಣವನ್ನು ನೀವೇ ಕೆರೆಯಲೂ ಹೋಗಬೇಡಿ. ಊರಿಂದ ಬಿಡಿಯಾಗಿ ತಂದ ಅರಿಶಿನ, ಕುಂಕುಮ ಇದ್ದರೆ ನರ್ಸ್‌ಗೆ ತೋರಿಸಿ, ಕೆಲವದರಲ್ಲಿ ಸೀಸ ಸಿಕ್ಕಿದೆ. ಮನೆಯ ಬಣ್ಣ ಸರಿಪಡಿಸಲು ಬಾಡಿಗೆ ಮನೆಗೂ ನೆರವು ಸಿಗುತ್ತದಾ ಎಂದು ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಕೇಳಿ.