ಅಮ್ಮನಿಗೆ ಓದದೇ ಬಿಟ್ಟ ಆ ಒಂದು ಪುಟ

ಹೆಂಗಸರ ಕಷ್ಟದ, ಎದೆ ಕಲಕುವ ಕತೆಗಳನ್ನ ಅಮ್ಮನಿಗೆ ಕೊಡಲಾ, ಬೇಜಾರು ಮಾಡ್ಕೊಳ್ತಾರಾ ಅಂತ ಕೇಳಿದ್ದೀರಿ. ನಾನೂ ಹೀಗೇ ಹೆದರಿದ್ದೆ.

ನಮ್ಮದು ಹಾಸನ. 2025ರ ಮೇನಲ್ಲಿ ನಮ್ಮೂರಿನ ಕತೆಗಾರ್ತಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತಲ್ಲ, ಆ ವರ್ಷದ ಅವರೆಕಾಯಿ ಕಾಲದಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. "ನಮ್ಮೂರಿನವರು ಏನು ಬರೆದಿದ್ದಾರೆ, ಓದಿ ಹೇಳು" ಅಂದಳು. ಅವರ 'ಎದೆಯ ಹಣತೆ' ಕತೆ ಶುರು ಮಾಡಿದೆ. ಅಮ್ಮ ಕಪ್ಪು ಕನ್ನಡಕ ಹಾಕ್ಕೊಂಡು, ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಆ ಕೆಲಸಕ್ಕೆ ಕಣ್ಣು ಬೇಡ, ಬೆರಳು ಸಾಕು.

ಕತೆಯಲ್ಲಿ ಮೆಹರುನ್ ಅನ್ನೋಳ ಗಂಡನಿಗೆ ಇನ್ನೊಬ್ಬಳ ಸಹವಾಸ. ಅವಳು ಕೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ವಾಪಸ್ ಕರ್ಕೊಂಡು ಹೋಗಿ ಬಿಡುತ್ತಾರೆ. ಅಲ್ಲಿಗೆ ಅಮ್ಮನ ಬೆರಳು ನಿಂತವು. "ಆಮೇಲೆ?"

ಮುಂದೆ ಸೀಮೆಎಣ್ಣೆ ಬರುತ್ತೆ. ನನಗೆ ಓದೋಕಾಗಲಿಲ್ಲ. "ಗಂಡ ತಪ್ಪಾಯ್ತು ಅಂದ, ಅಷ್ಟೇ" ಅಂತ ಪುಸ್ತಕ ಮುಚ್ಚಿದೆ. "ಹೌದಾ" ಅಂದಳು. ಮತ್ತೆ ಕಾಳು ಹಿತುಕಿದಳು.

ನನ್ನ ತಪ್ಪು ಬರೀ ಸುಳ್ಳು ಹೇಳಿದ್ದಲ್ಲ. ಸೀಮೆಎಣ್ಣೆ ಮುಚ್ಚಿಡೋಕೆ ಹೋಗಿ ಮಗಳನ್ನೇ ಮುಚ್ಚಿಟ್ಟೆ. ಆ ಕತೆಯಲ್ಲಿ ಬೆಂಕಿ ಹಚ್ಚಿಕೊಳ್ಳೋಕೆ ಹೊರಟ ತಾಯಿಯನ್ನ ತಡೆಯೋದು ಅವಳ ದೊಡ್ಡ ಮಗಳು. ಗಂಡ ಅಲ್ಲ, ಅಣ್ಣಂದಿರೂ ಅಲ್ಲ. ಅದನ್ನ ಓದಬೇಕಾಗಿದ್ದ ನಾನೂ ಒಬ್ಬಳು ಮಗಳು, ಪಕ್ಕದಲ್ಲೇ ಕೂತಿದ್ದೆ. ಅಮ್ಮ ಕೇಳಿದ್ದು ಕತೆಯನ್ನಷ್ಟೇ ಅಲ್ಲ. ನನಗೆ ಕೇಳಿಸಿಕೊಳ್ಳೋ ಧೈರ್ಯ ಇದೆಯಾ ಅಂತಾನೂ ನೋಡಿದ್ದಳು.

ಕಣ್ಣು ಸರಿಹೋದ ಮೇಲೆ ತಾನೇ ಓದಿದಳು. "ಆ ಹುಡುಗಿ ಬರೋದನ್ನ ಯಾಕೆ ಬಿಟ್ಟೆ? ಆವತ್ತು ನಿನಗೊಂದು ವಿಷಯ ಹೇಳೋಣ ಅಂತಿದ್ದೆ" ಅಂದಳು. ಏನಮ್ಮಾ ಅಂದೆ. "ಈಗ ಬಿಡು." ಇವತ್ತಿಗೂ ಹೇಳಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಈ ಕತೆಗಳು ಬೇಜಾರು ಹೊಸದಾಗಿ ತರೋದಿಲ್ಲ. ಅದು ಮನೆಯಲ್ಲಿ ಮೊದಲೇ ಇರುತ್ತೆ. ಯಾರೂ ಬಾಯಿಬಿಟ್ಟು ಹೇಳದೇ ಇದ್ದದ್ದನ್ನ ಇನ್ಯಾರೋ ಹೇಳಿದ್ದಾರಲ್ಲ ಅನ್ನೋದೇ ಎಷ್ಟೋ ಹೆಂಗಸರಿಗೆ ಸಮಾಧಾನ. ಅಮ್ಮ ಅದನ್ನ ಎರಡನೇ ಸಲ ಓದಿದ್ದು ನಾನೇ ನೋಡಿದೆ.

ಸುಮ್ನೆ ಪುಸ್ತಕ ಕೊಟ್ಟು ಬರಬೇಡಿ. ಜೊತೆಗೆ ಕೂತು ಓದಿ, ಒಂದು ಸಾಲೂ ಬಿಡಬೇಡಿ. ಓದಿ ಮುಗಿದ ತಕ್ಷಣ ಎದ್ದು ಹೋಗಬೇಡಿ. ಅವರು ಮಾತಾಡೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ.