ಜೈಲಿಗೆ ಹಾಕದಿದ್ದರೆ ಅದು ಶಿಕ್ಷೆ ಅಲ್ಲವೇ?

ಪ್ರಶ್ನೆ: ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ 19 ವರ್ಷದ ಹುಡುಗನೊಬ್ಬ ದುಡ್ಡು ಕದ್ದ. ಸಿಕ್ಕಿಬಿದ್ದ, ತಪ್ಪನ್ನೂ ಒಪ್ಪಿಕೊಂಡ. ಕೋರ್ಟು ಮಾತ್ರ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿತು. ಹೀಗಾದರೆ ಕಾನೂನಿಗೆ ಹೆದರುವವರು ಯಾರು?
– ಅಂಗಡಿ ಮಾಲೀಕರು, ಹಾಸನ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೆವರು ಸುರಿಸಿ ದುಡಿದ ದುಡ್ಡು ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಮಾಡಿದ್ದನ್ನು ಅನುಭವಿಸಲಿ ಅನ್ನುವುದು ಶಿಕ್ಷೆಗೆ ಇರುವ ತುಂಬಾ ಹಳೆಯ ಕಾರಣ. ಅದನ್ನು ಬರೀ ಸೇಡು ಅಂತ ತಳ್ಳಿಹಾಕುವುದು ತಪ್ಪು, ಯಾಕೆಂದರೆ ತಪ್ಪಿಗಿಂತ ಜಾಸ್ತಿ ಶಿಕ್ಷೆ ಕೊಡಬಾರದು ಅನ್ನುವ ಅಳತೆಯೂ ಅದರೊಳಗೇ ಇದೆ.

ನೀವು ಕೇಳಿದ್ದು ಹೆದರಿಕೆಯ ಬಗ್ಗೆ. ಅಪರಾಧ, ಶಿಕ್ಷೆಗಳ ಬಗ್ಗೆ ಬರೆದ ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ, ಅದು ತಪ್ಪುವುದೇ ಇಲ್ಲ ಅನ್ನುವ ಖಾತ್ರಿ ಜನರನ್ನು ತಡೆಯುತ್ತದೆ. ನನಗೂ ಅದೇ ಸರಿ ಅನಿಸುತ್ತದೆ. ಕದಿಯಲು ಹೊರಟವನು ಎಷ್ಟು ವರ್ಷ ಜೈಲು ಅಂತ ಎಣಿಸುತ್ತಾ ಕೂರುವುದಿಲ್ಲ, ಸಿಕ್ಕಿಬೀಳುವುದಿಲ್ಲ ಅಂದುಕೊಂಡೇ ಹೊರಟಿರುತ್ತಾನೆ, ಅಲ್ವಾ? ನಿಮ್ಮ ಹುಡುಗ ಸಿಕ್ಕಿಬಿದ್ದ. ಹೆದರಿಕೆ ಹುಟ್ಟಿಸುವ ಕೆಲಸ ಅಲ್ಲೇ ಅರ್ಧ ಮುಗಿಯಿತು.

ಇನ್ನು ಅಪರಾಧಿಯನ್ನು ಸಮಾಜದಿಂದ ದೂರ ಇಡುವ ಉದ್ದೇಶ. ಅದು ಬೇಕಾದ ಕಡೆ ಬೇಕೇ ಬೇಕು. ಬೆಂಗಳೂರಿನ ಒಂದು ಕೊಲೆ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಬದುಕಿರುವವರೆಗೂ ಬಿಡುಗಡೆ ಇಲ್ಲ ಅಂದಿತು. ಗಲ್ಲಾಪೆಟ್ಟಿಗೆಗೆ ಕೈಹಾಕಿದ ಹುಡುಗನಿಗೆ ಆ ತೂಕ ಹಾಕಲು ಬರುವುದಿಲ್ಲ. ಅವನನ್ನು ಪಳಗಿದ ಕಳ್ಳರ ಜೊತೆ ಕೂಡಿಹಾಕಿದರೆ ಏನು ಕಲಿತು ಬರುತ್ತಾನೆ, ನೀವೇ ಯೋಚಿಸಿ.

ಅದಕ್ಕೇ 1958ರ ಪ್ರೊಬೇಷನ್ ಕಾಯ್ದೆ, ಅಂದರೆ ಅಪರಾಧಿಯನ್ನು ಜೈಲಿಗೆ ಹಾಕದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ ಕಾನೂನು, ಸುಧಾರಣೆಯ ದಾರಿ ಹಿಡಿದಿದೆ. ಜೀವಾವಧಿ ಶಿಕ್ಷೆಯಾಗುವಂಥ ಅಪರಾಧ ಅಲ್ಲದಿದ್ದರೆ, 21 ತುಂಬದವರನ್ನು ಜೈಲಿಗೆ ಕಳಿಸುವ ಜಡ್ಜ್ ಯಾಕೆ ಕಳಿಸುತ್ತಿದ್ದೇನೆ ಅಂತ ಕಾರಣ ಬರೆಯಲೇಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ, 5000 ರೂಪಾಯಿಗಿಂತ ಕಡಿಮೆ ಬೆಲೆಯದ್ದನ್ನು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ವಾಪಸ್ ಕೊಟ್ಟರೆ ಸಮುದಾಯ ಸೇವೆ ಮಾಡಿಸಬೇಕು ಅನ್ನುತ್ತದೆ.

ಮುಚ್ಚಳಿಕೆ ಅಂದರೆ ಸುಮ್ನೆ ಬಿಟ್ಟುಬಿಟ್ಟರು ಅಂತಲ್ಲ. ಅದು ಮೂರು ವರ್ಷದವರೆಗೂ ಇರಬಹುದು. ಅಷ್ಟರೊಳಗೆ ಷರತ್ತು ಮುರಿದರೆ ಹಳೆಯ ತಪ್ಪಿಗೇ ಶಿಕ್ಷೆ ಕೊಡಬಹುದು.

ನನಗೆ ಬೇಸರ ಆಗುವುದು ಬೇರೆ ಕಡೆ. ಈ ಎಲ್ಲ ಸಿದ್ಧಾಂತಗಳೂ ಕಳ್ಳನ ಸುತ್ತಲೇ ಸುತ್ತುತ್ತವೆ, ಕಳೆದುಕೊಂಡವರನ್ನು ಯಾರೂ ವಿಚಾರಿಸುವುದಿಲ್ಲ. ಆದರೆ ಅದೇ ಪ್ರೊಬೇಷನ್ ಕಾಯ್ದೆಯ 5ನೇ ಕಲಂ ಪ್ರಕಾರ, ಹೀಗೆ ಬಿಡುಗಡೆ ಮಾಡುವಾಗ ನಿಮಗೆ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಆದೇಶದ ಪ್ರತಿ ತೆಗೆಸಿ, ಅದರಲ್ಲಿ ಪರಿಹಾರದ ಮಾತು ಇದೆಯಾ ಅಂತ ವಕೀಲರ ಹತ್ತಿರ ಓದಿಸಿ ನೋಡಿ.